ಉಡುತಡಿಯ ಮಹಾದೇವಿ

ಉಡುಗೆ ತೊಡುಗೆಗಳು ಮನುಷ್ಯನ ಬಾಳಿನಲ್ಲಿ ಅನ್ನ ನೀರುಗಳಷ್ಟೇ ಅಗತ್ಯವಾದುವು. ಚಳಿ, ಗಾಳಿ, ಬಿಸಿಲುಗಳಿಂದ ಮೈಯನ್ನು ಕಾಯುವುದು ಬಟ್ಟೆಯ ಮೊದಲ ಕೆಲಸ. ಮಾಡುವ ದುಡಿಮೆಗೆ ತೊಡಕಾಗದಂತೆ ಇರುವುದು ಎರಡನೆಯದು. ಮಲೆನಾಡಿನ ಗದ್ದೆಯಲ್ಲಿ ನಾಟಿಗೆ ಇಳಿಯುವ ಹೆಂಗಸು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟುತ್ತಾಳೆ. ಉತ್ತರದ ಬಯಲುನಾಡಿನ ಹೆಂಗಸು ಕಚ್ಚೆ ಹಾಕಿ ಉಡುತ್ತಾಳೆ. ಕೊಡಗಿನ ಹೆಂಗಸು ನೆರಿಗೆಗಳನ್ನು ಹಿಂದಕ್ಕೆ ಇಟ್ಟುಕೊಳ್ಳುತ್ತಾಳೆ. ಒಂದೇ ಸೀರೆಯು ನೆಲಕ್ಕೂ ಹವೆಗೂ ಕೆಲಸಕ್ಕೂ ತಕ್ಕಂತೆ ಬೇರೆ ಬೇರೆ ರೂಪಗಳನ್ನು ತಾಳಿರುವುದು ಹೆಂಗಸರ ಅನುಭವದ ಫಲ. ಆದರೆ ಉಡುಗೆಗೆ ಮೂರನೆಯದಾದ ಇನ್ನೊಂದು ಹೊಣೆಯನ್ನೂ ಸಮಾಜವು ಹೊರಿಸಿದೆ. ಅದು ಮಾನವನ್ನು ಕಾಯುವ ಹೊಣೆ. ಮಾನವೆಂಬುದು ಬಟ್ಟೆಯಲ್ಲಿದೆಯೇ, ಉಟ್ಟವರ ಮನಸ್ಸಿನಲ್ಲಿದೆಯೇ, ಅಥವಾ ನೋಡುವವರ ಕಣ್ಣಿನಲ್ಲಿದೆಯೇ? ಅದನ್ನು ಅಳೆಯುವ ಅಧಿಕಾರ ಯಾರದು? ಈ ಪ್ರಶ್ನೆಗಳಿಗೆ ಸುಮಾರು 850 ವರ್ಷಗಳ ಹಿಂದೆ ಕನ್ನಡನಾಡಿನ ತರುಣಿಯೊಬ್ಬಳು ತನ್ನ ಬಾಳಿನಿಂದಲೇ ಉತ್ತರ ಕೊಟ್ಟಳು. ಆಕೆಯೇ ಶರಣಲೋಕವು ಅಕ್ಕನೆಂದು ಕರೆದು ಗೌರವಿಸಿದ ಮಹಾದೇವಿ.

ಮಹಾದೇವಿಯು ಹುಟ್ಟಿದ ಊರು ಉಡುತಡಿ. ಅದು ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಅಲ್ಲಿಂದ ಅನತಿದೂರದಲ್ಲಿ ಬಳ್ಳಿಗಾವಿ ಇದೆ. 12ನೆಯ ಶತಮಾನದಲ್ಲಿ ಬಳ್ಳಿಗಾವಿಯು ಬನವಾಸಿನಾಡಿನ ಹೆಸರಾಂತ ಪಟ್ಟಣವಾಗಿತ್ತು. ಅಲ್ಲಿನ ಕೋಡಿಯಮಠದಲ್ಲಿ ವೇದ, ವ್ಯಾಕರಣ, ಕಾವ್ಯ, ನಾಟಕಗಳ ಬೋಧನೆ ನಡೆಯುತ್ತಿತ್ತೆಂದೂ ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿತ್ತೆಂದೂ 1162ರ ಶಾಸನವೊಂದು ತಿಳಿಸುತ್ತದೆ. ಶರಣರಲ್ಲಿ ಹಿರಿಯನಾದ ಅಲ್ಲಮಪ್ರಭುವು ಬಳ್ಳಿಗಾವಿಯವನು. ಸತ್ಯಕ್ಕನೆಂಬ ವಚನಕಾರ್ತಿಯೂ ಇದೇ ಸೀಮೆಯ ಹಿರೇಜಂಬೂರಿನವಳೆಂದು ಹೇಳುತ್ತಾರೆ. ಹೀಗೆ ಗುಡಿ, ಮಠ, ವಿದ್ಯೆ, ವಾಣಿಜ್ಯಗಳಿಂದ ತುಂಬಿದ ನಾಡಿನ ಮಗಳು ಮಹಾದೇವಿ. ಆಕೆಯ ತಂದೆ ನಿರ್ಮಲಶೆಟ್ಟಿ, ತಾಯಿ ಸುಮತಿ ಎಂಬುದು ಪರಂಪರೆಯ ಮಾತು. ಇಬ್ಬರೂ ಶಿವಭಕ್ತರು.

ಮಹಾದೇವಿಯ ಜೀವನವನ್ನು ಆಕೆಯ ಕಾಲದವರು ಯಾರೂ ಕ್ರಮವಾಗಿ ಬರೆದಿಡಲಿಲ್ಲ. ಆಕೆಯ ತರುವಾಯ ಬಂದ ಹರಿಹರ ಕವಿಯು ಆಕೆಯನ್ನು ಕುರಿತು ಒಂದು ರಗಳೆಯನ್ನು ರಚಿಸಿದನು. 15ನೆಯ ಶತಮಾನದಲ್ಲಿ ಚಾಮರಸನ ಪ್ರಭುಲಿಂಗಲೀಲೆಯೂ ಶೂನ್ಯಸಂಪಾದನೆಯೂ ಆಕೆಯ ಕಥೆಯನ್ನು ಹೇಳಿದುವು. ಈ ಕೃತಿಗಳು ಎಲ್ಲ ವಿವರಗಳಲ್ಲಿಯೂ ಒಂದನ್ನೊಂದು ಹೋಲುವುದಿಲ್ಲ. ಆದರೂ ಆಕೆಯ ನಿಲುವು ಎಂಥದೆಂಬುದನ್ನು ಎಲ್ಲವೂ ಒಂದೇ ಬಗೆಯಾಗಿ ತೋರಿಸುತ್ತವೆ. ಆಕೆಯೇ ನುಡಿದ ವಚನಗಳು ಇವೆಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ.

ಎಳವೆಯಲ್ಲಿಯೇ ಮಹಾದೇವಿಯ ಮನಸ್ಸು ಶ್ರೀಶೈಲದ ಚೆನ್ನಮಲ್ಲಿಕಾರ್ಜುನನಲ್ಲಿ ನೆಲೆಗೊಂಡಿತು. ಓರಗೆಯ ಹುಡುಗಿಯರು ಮದುವೆಯ ಮಾತಿಗೆ ನಾಚುತ್ತಿದ್ದ ವಯಸ್ಸಿನಲ್ಲಿ ಆಕೆ ಚೆನ್ನಮಲ್ಲಿಕಾರ್ಜುನನೇ ತನಗೆ ಪತಿಯೆಂದು ನಿಶ್ಚಯಿಸಿಕೊಂಡಳು. ಅದು ಎಳೆಯ ಮನಸ್ಸಿನ ಹಂಬಲ, ಕಾಲ ಬಂದಾಗ ತಾನಾಗಿಯೇ ಕರಗುವುದೆಂದು ಹಿರಿಯರು ಎಣಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಅದು ಕರಗಲಿಲ್ಲ. ದಿನ ಕಳೆದಂತೆ ಗಟ್ಟಿಗೊಂಡಿತು.

ಆ ಸೀಮೆಯನ್ನು ಆಳುತ್ತಿದ್ದ ಅರಸು ಕೌಶಿಕ. ಒಂದು ದಿನ ಮೆರವಣಿಗೆಯಲ್ಲಿ ಬರುತ್ತಿದ್ದಾಗ ಮಹಾದೇವಿಯ ಚೆಲುವನ್ನು ಕಂಡು ಅವನು ಮರುಳಾದನು. ಆಕೆಯನ್ನು ತನಗೆ ಮದುವೆ ಮಾಡಿಕೊಡಬೇಕೆಂದು ತಂದೆತಾಯಿಗಳಲ್ಲಿಗೆ ಮಂತ್ರಿಗಳನ್ನು ಕಳುಹಿಸಿದನು. ತಮ್ಮ ಆಚಾರಕ್ಕೆ ಸೇರದ ಅರಸನಿಗೆ ಮಗಳನ್ನು ಕೊಡಲು ಅವರು ಒಪ್ಪಲಿಲ್ಲ. ಬೇಡಿಕೆಯು ಬೆದರಿಕೆಯಾಯಿತು. ಅರಸನ ಮುನಿಸಿಗೆ ತಂದೆತಾಯಿಗಳು ಗುರಿಯಾಗುವ ಸಮಯ ಬಂದಾಗ ಮಹಾದೇವಿಯು ತಾನೇ ಮುಂದಾಗಿ ಮಾತಾಡಿದಳು. ತಾನು ಅರಮನೆಗೆ ಬರಬೇಕಾದರೆ ತನ್ನ ಕಟ್ಟಳೆಗಳನ್ನು ಅರಸನು ಒಪ್ಪಬೇಕೆಂದಳು. ತನ್ನಿಚ್ಛೆಯಂತೆ ಶಿವಪೂಜೆ ಮಾಡುವುದು, ತನ್ನಿಚ್ಛೆಯಂತೆ ಶರಣರೊಡನೆ ಇರುವುದು, ತನ್ನಿಚ್ಛೆಯಂತೆ ಗುರುಸೇವೆ ನಡೆಸುವುದು, ಇವುಗಳಿಗೆ ಅಡ್ಡಿ ಬರಬಾರದು. ಮೂರು ತಪ್ಪುಗಳನ್ನು ಸೈರಿಸಲಾಗುವುದು, ಆಮೇಲೆ ತಾನು ಅವನ ಬಳಿ ಉಳಿಯುವುದಿಲ್ಲ. ಇದು ಹರಿಹರನ ಕಾವ್ಯದಲ್ಲಿ ಬರುವ ಸಂಗತಿ. ಆಕೆಗೆ ಕೌಶಿಕನೊಡನೆ ಮದುವೆಯೇ ನಡೆಯಲಿಲ್ಲವೆಂದು ಹೇಳುವ ಕೃತಿಗಳೂ ಇವೆ. ಮದುವೆ ನಡೆದಿರಲಿ, ನಡೆಯದಿರಲಿ, ಒಂದು ಮಾತು ಸ್ಪಷ್ಟವಾಗಿದೆ. ಅರಸನೆದುರಿಗೆ ನಿಂತು ತನ್ನ ಇಚ್ಛೆಯೆಂಬುದೊಂದು ಇದೆಯೆಂದು ಹೇಳಿದ ಹೆಣ್ಣು ಆಕೆ. ಹೆಣ್ಣಿನ ಇಷ್ಟವನ್ನು ಕೇಳುವ ರೂಢಿಯೇ ಅಪರೂಪವಾಗಿದ್ದ ಕಾಲದಲ್ಲಿ ಅದು ಸಾಮಾನ್ಯವಾದ ಮಾತಲ್ಲ.

ಅರಸನು ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲ. ಒಂದಲ್ಲ, ಎರಡಲ್ಲ, ಮೂರು ಬಾರಿ ತಪ್ಪಿದನು. ಆಗ ಮಹಾದೇವಿಯು ಅರಮನೆಯನ್ನು ಬಿಟ್ಟು ಹೊರಟಳು. ಹೊರಡುವಾಗ ಅರಸನ ಒಡವೆಗಳನ್ನು ಬಿಟ್ಟಳು, ಪಟ್ಟೆ ಪೀತಾಂಬರಗಳನ್ನು ಬಿಟ್ಟಳು. ಕೊನೆಗೆ ಉಟ್ಟ ಬಟ್ಟೆಯನ್ನೂ ಬಿಟ್ಟಳು. ನೀಳವಾದ ತಲೆಗೂದಲೇ ಆಕೆಯ ಮೈಗೆ ಮರೆಯಾಯಿತು.

ಈ ತೊರೆಯುವಿಕೆಯನ್ನು ಸರಿಯಾಗಿ ತಿಳಿಯಬೇಕು. ಅದು ಕೋಪದ ಭರದಲ್ಲಿ ಮಾಡಿದ ಕೆಲಸವಲ್ಲ. ಲೋಕದ ಕಣ್ಣನ್ನು ಸೆಳೆಯಬೇಕೆಂದು ಹೂಡಿದ ಹಟವೂ ಅಲ್ಲ. ಅರಸನ ಬಟ್ಟೆಯನ್ನು ಉಟ್ಟಿರುವವರೆಗೆ ತಾನು ಅರಸನ ಹಂಗಿನಲ್ಲಿ ಇರುವವಳು ಎಂಬ ಭಾವನೆ ಆಕೆಗೆ ಇದ್ದಿರಬೇಕು. ಬೆಲೆಬಾಳುವ ಸೀರೆಯೂ ಕೊರಳ ಹಾರವೂ ಅವುಗಳನ್ನು ಕೊಟ್ಟವನ ಒಡೆತನದ ಗುರುತುಗಳಾಗುವುದುಂಟು. ಆ ಗುರುತುಗಳನ್ನು ಕಳಚಿದಾಗ ಮಾತ್ರ ಆಕೆಗೆ ಬಿಡುಗಡೆ ದೊರೆಯಿತು. ತಾನು ಯಾರ ಸೊತ್ತೂ ಅಲ್ಲವೆಂದು ಸಾರುವ ನಡೆ ಅದಾಗಿತ್ತು.

ಆ ಕಾಲದ ಜನರಿಗೆ ಬಟ್ಟೆಯನ್ನು ತೊರೆದ ವಿರಕ್ತರು ಹೊಸಬರಾಗಿರಲಿಲ್ಲ. ಕನ್ನಡನಾಡಿನಲ್ಲಿ ದಿಗಂಬರ ಜೈನಮುನಿಗಳು ಶತಮಾನಗಳಿಂದ ಸಂಚರಿಸುತ್ತಿದ್ದರು. ಮಹಾದೇವಿಯು ಹುಟ್ಟುವುದಕ್ಕೆ ಬಹಳ ಮೊದಲೇ, 10ನೆಯ ಶತಮಾನದ ಕೊನೆಯ ಭಾಗದಲ್ಲಿ, ಶ್ರವಣಬೆಳಗೊಳದ ಬೆಟ್ಟದ ಮೇಲೆ ಗೊಮ್ಮಟನ ಮಹಾಮೂರ್ತಿಯು ಎದ್ದು ನಿಂತಿತ್ತು. ಎಲ್ಲವನ್ನೂ ಬಿಟ್ಟ ಆ ನಿಲುವಿಗೆ ನಾಡು ಕೈಮುಗಿದಿತ್ತು. ಆದರೆ ಅದೇ ತ್ಯಾಗವನ್ನು ಹೆಣ್ಣೊಬ್ಬಳು ಕೈಗೊಂಡಾಗ ಲೋಕದ ನೋಟ ಬೇರೆಯಾಯಿತು. ಗಂಡಿನಲ್ಲಿ ವೈರಾಗ್ಯವೆಂದು ಪೂಜೆಗೊಂಡದ್ದು ಹೆಣ್ಣಿನಲ್ಲಿ ನಾಚಿಕೆಗೇಡೆಂದು ನಿಂದೆಗೆ ಒಳಗಾಯಿತು. ಮಹಾದೇವಿಯು ದಾರಿಯುದ್ದಕ್ಕೂ ಎದುರಿಸಬೇಕಾಗಿ ಬಂದುದು ಹಸಿವು, ನೀರಡಿಕೆ, ಚಳಿಗಳನ್ನು ಮಾತ್ರವಲ್ಲ, ಈ ಎರಡು ಬಗೆಯ ಅಳತೆಗೋಲನ್ನೂ ಆಕೆ ಎದುರಿಸಿದಳು.

ಉಡುತಡಿಯಿಂದ ಕಲ್ಯಾಣಕ್ಕೆ 400 ಕಿಲೋಮೀಟರುಗಳಿಗೂ ಹೆಚ್ಚಿನ ದೂರ. ಕಲ್ಯಾಣವೆಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ನಡುವೆ ಕಾಡು, ಮೇಡು, ತುಂಬಿ ಹರಿಯುವ ಹೊಳೆಗಳು. ಒಬ್ಬಂಟಿಯಾಗಿ ನಡೆಯುವ ತರುಣಿಗೆ ಕಾಡಿನ ಮೃಗಗಳಿಗಿಂತ ನಾಡಿನ ಮನುಷ್ಯರ ಭಯ ಹೆಚ್ಚು. ಬೆನ್ನು ಹತ್ತಿದವರೂ ಕೆಣಕಿದವರೂ ಇದ್ದರೆಂಬುದು ಆಕೆಯ ವಚನಗಳಿಂದಲೇ ತಿಳಿಯುತ್ತದೆ. ಆಕೆ ಅವರೊಡನೆ ಜಗಳಕ್ಕೆ ನಿಲ್ಲಲಿಲ್ಲ. ಅಂಜಿ ಹಿಂದಿರುಗಲೂ ಇಲ್ಲ. ಹಸಿವಾದರೆ ಊರಿನಲ್ಲಿ ಭಿಕ್ಷೆ, ನೀರಡಿಸಿದರೆ ಕೆರೆ ಬಾವಿಗಳು, ಮಲಗಲು ಹಾಳುಗುಡಿ ಎಂದು ನಿಶ್ಚಿಂತೆಯಿಂದ ಸಾಗಿದಳು. ಲೋಕದಲ್ಲಿ ಹುಟ್ಟಿದ ಮೇಲೆ ಹೊಗಳಿಕೆ ತೆಗಳಿಕೆಗಳು ಬಂದೇ ತೀರುವುವು, ಅವುಗಳಿಗೆ ಕುಗ್ಗದೆ ನಡೆಯಬೇಕು ಎಂಬ ತಿಳಿವು ಆಕೆಗೆ ದಾರಿಯ ಬುತ್ತಿಯಾಗಿತ್ತು.

ಕಲ್ಯಾಣವು ಆಗ ಹೊಸ ವಿಚಾರಗಳ ನೆಲೆಯಾಗಿತ್ತು. ಬಿಜ್ಜಳನ ಆಳ್ವಿಕೆಯಲ್ಲಿ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರ ಸುತ್ತ ಶರಣರು ನೆರೆದಿದ್ದರು. ಅಗಸ, ಅಂಬಿಗ, ಮಾದಾರ, ಡೋಹರ ಎನ್ನದೆ ಎಲ್ಲ ಕಾಯಕದವರೂ ಅಲ್ಲಿ ಒಂದೆಡೆ ಕುಳಿತು ವಿಚಾರ ಮಾಡುತ್ತಿದ್ದರು. ಹೆಂಗಸರೂ ವಚನಗಳನ್ನು ನುಡಿಯುತ್ತಿದ್ದರು. ಅಂಥ ಕಲ್ಯಾಣದಲ್ಲಿಯೂ ಮಹಾದೇವಿಗೆ ಪರೀಕ್ಷೆ ತಪ್ಪಲಿಲ್ಲ. ಮೊದಲು ಕಿನ್ನರಿ ಬೊಮ್ಮಯ್ಯನೆಂಬ ಶರಣನು ಆಕೆಯ ವೈರಾಗ್ಯವನ್ನು ಒರೆಗೆ ಹಚ್ಚಿದನು. ಆಕೆಯ ನಿಲುವಿನ ಮುಂದೆ ಅವನು ಸೋತು ತಲೆಬಾಗಿದನೆಂದು ಶೂನ್ಯಸಂಪಾದನೆ ಹೇಳುತ್ತದೆ.

ಅನುಭವಮಂಟಪದಲ್ಲಿ ಅಲ್ಲಮಪ್ರಭುವಿನ ಪರೀಕ್ಷೆ ಇನ್ನೂ ಕಠಿಣವಾಗಿತ್ತು. ಬಳ್ಳಿಗಾವಿಯವನೂ ಉಡುತಡಿಯವಳೂ ತಮ್ಮ ಸೀಮೆಯಿಂದ ಬಹುದೂರದಲ್ಲಿ ಎದುರು ಬದುರಾದರು. ಆದರೆ ಒಂದೇ ನೆಲದವಳೆಂಬ ಸಲಿಗೆಯನ್ನು ಪ್ರಭುವು ತೋರಲಿಲ್ಲ. ತುಂಬಿದ ಸಭೆಯಲ್ಲಿ ಆಕೆಯ ಪತಿ ಯಾರೆಂದು ಕೇಳಿದನು. ಚೆನ್ನಮಲ್ಲಿಕಾರ್ಜುನನೇ ಪತಿಯೆಂದು ಆಕೆ ಹೇಳಿದಳು. ಆಮೇಲೆ ಬಂದುದು ಉಡುಗೆಯನ್ನು ಕುರಿತ ಪ್ರಶ್ನೆ. ದೇಹದ ಮೇಲಿನ ಅಭಿಮಾನವು ನಿಜವಾಗಿಯೂ ಅಳಿದಿದ್ದರೆ ಕೂದಲಿನ ಮರೆಯೇಕೆ ಎಂಬುದು ಪ್ರಭುವಿನ ಕೇಳಿಕೆಯ ತಿರುಳು. ಸೀರೆಯನ್ನು ಬಿಟ್ಟರೂ ನಾಚಿಕೆಯು ಒಳಗೇ ಉಳಿದಿದೆ ಎಂಬ ಆಕ್ಷೇಪ ಅದರಲ್ಲಿ ಅಡಗಿತ್ತು.

ಈ ಪ್ರಶ್ನೆಯಿಂದ ಪಾರಾಗುವುದು ಸುಲಭವಲ್ಲ. ನಾಚಿಕೆಯಿಂದ ಮರೆ ಮಾಡಿಕೊಂಡೆನೆಂದರೆ ವೈರಾಗ್ಯವು ಅರೆಬರೆಯೆಂದು ಒಪ್ಪಿಕೊಂಡಂತೆ. ಮರೆಯನ್ನೂ ತೆಗೆದರೆ ಪರರ ಮಾತಿಗೆ ಕಟ್ಟುಬಿದ್ದಂತೆ. ಮಹಾದೇವಿಯು ಎರಡು ಬಲೆಗಳಿಗೂ ಸಿಕ್ಕಲಿಲ್ಲ. ಈ ಮರೆಯು ತನಗಾಗಿ ಅಲ್ಲ, ನೋಡುವವರಿಗಾಗಿ ಎಂಬ ಅರ್ಥದ ಉತ್ತರವನ್ನು ಕೊಟ್ಟಳು. ತನ್ನ ಮನಸ್ಸಿನಲ್ಲಿ ಅಳುಕಿಲ್ಲ. ಆದರೆ ಎಲ್ಲರ ಮನಸ್ಸೂ ತನ್ನಂತೆ ತಿಳಿಯಾಗಿರಲಾರದು. ತನ್ನ ದೆಸೆಯಿಂದ ಬೇರೆಯವರ ಮನಸ್ಸು ಕದಡಿ ಅವರಿಗೆ ನೋವಾಗುವುದು ಬೇಡವೆಂದು ತಾನು ಕೂದಲನ್ನು ಹೊದೆದಿರುವುದಾಗಿ ತಿಳಿಸಿದಳು. ಸಭೆಯು ಬೆರಗಾಯಿತು. ಬಸವಣ್ಣ, ಚೆನ್ನಬಸವಣ್ಣ, ಸಿದ್ಧರಾಮ ಮೊದಲಾದವರು ಆಕೆಯ ಹಿರಿಮೆಯನ್ನು ಕೊಂಡಾಡಿದರು. ವಯಸ್ಸಿನಲ್ಲಿ ಕಿರಿಯಳಾದ ಆಕೆಯು ಎಲ್ಲರಿಗೂ ಅಕ್ಕನಾದಳು.

ಅಕ್ಕನ ಈ ಉತ್ತರದಲ್ಲಿ ಎರಡು ಗುಣಗಳು ಒಟ್ಟಿಗೆ ಸೇರಿವೆ. ಒಂದು ಸ್ವಾತಂತ್ರ್ಯ, ಇನ್ನೊಂದು ಪರರ ಮೇಲಿನ ಕರುಣೆ. ಏನನ್ನು ಉಡಬೇಕು, ಏನನ್ನು ಬಿಡಬೇಕು ಎಂಬುದನ್ನು ಆಕೆಯೇ ತೀರ್ಮಾನಿಸಿದಳು. ಅರಸನು ಉಡಿಸಿದ್ದನ್ನು ಬಿಟ್ಟಳು. ಗುರುಸಮಾನನಾದ ಪ್ರಭುವು ಕೆಣಕಿದನೆಂದು ಹೊದೆದದ್ದನ್ನು ಬಿಡಲಿಲ್ಲ. ಬಿಟ್ಟದ್ದೂ ಆಕೆಯ ಇಚ್ಛೆ, ಹೊದೆದದ್ದೂ ಆಕೆಯ ಇಚ್ಛೆ. ಮಾನವೆಂಬುದು ಹೊರಗಿನವರು ಹೊರಿಸಿದ ಕಟ್ಟಾಗದೆ ಒಳಗಿನಿಂದ ಮೂಡಿದ ವಿವೇಕವಾದಾಗ ಅದಕ್ಕೆ ನಿಜವಾದ ಬೆಲೆ ಬರುತ್ತದೆ ಎಂಬುದನ್ನು ಆಕೆ ತೋರಿಸಿಕೊಟ್ಟಳು.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಅಕ್ಕನು ತನ್ನ ದಾರಿಯನ್ನು ಇತರ ಹೆಂಗಸರ ಮೇಲೆ ಹೇರಲಿಲ್ಲ. ಕಲ್ಯಾಣದಲ್ಲಿ ನೀಲಾಂಬಿಕೆ, ಗಂಗಾಂಬಿಕೆ, ಅಕ್ಕನಾಗಮ್ಮ, ಆಯ್ದಕ್ಕಿ ಲಕ್ಕಮ್ಮ ಮುಂತಾದ ಶರಣೆಯರಿದ್ದರು. ಅವರು ಸಂಸಾರದಲ್ಲಿ ಇದ್ದುಕೊಂಡು, ಎಲ್ಲ ಹೆಂಗಸರಂತೆ ಉಟ್ಟು ತೊಟ್ಟು, ತಮ್ಮ ತಮ್ಮ ಕಾಯಕಗಳನ್ನು ಮಾಡಿದವರು. ಬೀದಿಯಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಲಕ್ಕಮ್ಮ, ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ತಿದ್ದಿ ಹಿಂದಕ್ಕೆ ಕಳುಹಿಸಿದವಳು. ಅಕ್ಕನ ದಾರಿ ಬೇರೆ, ಲಕ್ಕಮ್ಮನ ದಾರಿ ಬೇರೆ. ಶರಣರು ಇಬ್ಬರನ್ನೂ ಸಮನಾಗಿ ಗೌರವಿಸಿದರು. ಹಲವು ಬಗೆಯ ಬಾಳಿಗೆ ಎಡೆ ಇದ್ದುದೇ ಆ ಕೂಟದ ಹಿರಿಮೆ.

ಕಲ್ಯಾಣದಲ್ಲಿ ಕೆಲಕಾಲವಿದ್ದ ಅಕ್ಕನು ಶರಣರ ಅಪ್ಪಣೆ ಪಡೆದು ಶ್ರೀಶೈಲದತ್ತ ಹೊರಟಳು. ಅದು ಮತ್ತೆ ಸುಮಾರು 300 ಕಿಲೋಮೀಟರುಗಳ ದಾರಿ. ಕೃಷ್ಣಾನದಿಯು ಬೆಟ್ಟಗಳನ್ನು ಕೊರೆದು ಹರಿಯುವ, ದಟ್ಟವಾದ ಕಾಡಿನ ಆ ಸೀಮೆಯು ಇಂದು ಆಂಧ್ರಪ್ರದೇಶ ಮತ್ತು ತೆಲಂಗಾಣಗಳ ಗಡಿಯಲ್ಲಿದೆ. ಗಿಳಿ, ಕೋಗಿಲೆ, ದುಂಬಿ, ನವಿಲುಗಳನ್ನು ಮಾತಾಡಿಸುತ್ತ, ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ಆಕೆ ಆ ಕಾಡಿನಲ್ಲಿ ಅಲೆದಳು. ಅಲ್ಲಿನ ಕದಳಿವನದಲ್ಲಿ ಆಕೆ ತನ್ನ ದೇವನಲ್ಲಿ ಐಕ್ಯಳಾದಳೆಂದು ನಾಡು ನಂಬಿದೆ. ಆಗ ಆಕೆಗೆ ಇನ್ನೂ ಎಳೆಯ ವಯಸ್ಸು. ಇಂದಿಗೂ ಶ್ರೀಶೈಲಕ್ಕೆ ಹೋದ ಕನ್ನಡಿಗರು ದೋಣಿಯಲ್ಲಿ ಕೃಷ್ಣೆಯ ಮೇಲೆ ಸಾಗಿ, ಅಕ್ಕನ ಹೆಸರಿನ ಗುಹೆಯನ್ನು ನೋಡಿ ಬರುತ್ತಾರೆ.

ಅಕ್ಕನು ಬಿಟ್ಟುಹೋದ ಆಸ್ತಿಯೆಂದರೆ ವಚನಗಳು. ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತವುಳ್ಳ 400ಕ್ಕೂ ಹೆಚ್ಚು ವಚನಗಳು ದೊರೆತಿವೆ. ಯೋಗಾಂಗ ತ್ರಿವಿಧಿಯೆಂಬ ಕೃತಿಯೂ ಆಕೆಯದೆಂದು ಪ್ರಸಿದ್ಧವಾಗಿದೆ. ಈ ವಚನಗಳು ಬಹುಕಾಲ ಓಲೆಗರಿಗಳಲ್ಲಿ, ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಉಳಿದುಕೊಂಡಿದ್ದುವು. ವಿಜಯಪುರದ ಫ. ಗು. ಹಳಕಟ್ಟಿಯವರು ಊರೂರು ಸುತ್ತಿ ಓಲೆಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದ ಮೇಲೆ ಶರಣರ ನುಡಿಗಳು ಎಲ್ಲ ಓದುಗರ ಕೈಸೇರಿದುವು. ಅದೇ ವಿಜಯಪುರದಲ್ಲಿ 2003ರಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರನ್ನು ಇಡಲಾಯಿತು.

ಅಕ್ಕನನ್ನು ಕಾಡಿದ ಪ್ರಶ್ನೆಯು ಆಕೆಯ ಕಾಲಕ್ಕಾಗಲಿ, ಈ ನಾಡಿಗಾಗಲಿ ಮುಗಿದುದಲ್ಲ. 14ನೆಯ ಶತಮಾನದ ಕಾಶ್ಮೀರದಲ್ಲಿ ಲಲ್ಲೇಶ್ವರಿಯೆಂಬ ಸಂತಕವಯಿತ್ರಿಯು ಅಕ್ಕನಂತೆಯೇ ಉಡುಗೆಯ ಹಂಗನ್ನು ತೊರೆದು ಸಂಚರಿಸಿ ನಿಂದೆಗೆ ಗುರಿಯಾದಳೆಂಬ ಪ್ರತೀತಿಯಿದೆ. 19ನೆಯ ಶತಮಾನದ ತಿರುವಾಂಕೂರಿನಲ್ಲಿ ನಡೆದುದು ಇದಕ್ಕೆ ವಿರುದ್ಧವಾದ ಬಗೆ. ಅಲ್ಲಿ ಕೆಳಜಾತಿಯವರೆನಿಸಿದ ಹೆಂಗಸರು ಮೈಯ ಮೇಲ್ಭಾಗವನ್ನು ಮುಚ್ಚಿಕೊಳ್ಳಲು ಮೇಲುಜಾತಿಯವರು ಬಿಡುತ್ತಿರಲಿಲ್ಲ. ನಾಡಾರ್ ಹೆಂಗಸರು ದಶಕಗಳ ಕಾಲ ಹೋರಾಡಿ, 1859ರಲ್ಲಿ ಅರಸನ ಆಜ್ಞೆಯಿಂದ ಆ ಹಕ್ಕನ್ನು ಪಡೆದರು. ಪ್ಯಾರಿಸ್ ನಗರದಲ್ಲಿ ಹೆಂಗಸರು ಷರಾಯಿ ತೊಡಬೇಕಾದರೆ ಪೊಲೀಸರ ಅಪ್ಪಣೆ ಪಡೆಯಬೇಕೆಂಬ ಕಟ್ಟಳೆಯು 1800ರಲ್ಲಿ ಹುಟ್ಟಿತು. ಬಳಕೆಯಲ್ಲಿ ಅದು ಎಂದೋ ಸತ್ತಿದ್ದರೂ ಅದಕ್ಕೆ ಬೆಲೆಯಿಲ್ಲವೆಂದು ಅಲ್ಲಿನ ಸರಕಾರವು ಅಧಿಕೃತವಾಗಿ ಸಾರಿದ್ದು 2013ರಲ್ಲಿ. ಅಮೆರಿಕದಲ್ಲಿ 1851ರ ಸುಮಾರಿಗೆ ಅಮೀಲಿಯಾ ಬ್ಲೂಮರ್ ಮತ್ತು ಆಕೆಯ ಗೆಳತಿಯರು ನೆಲ ಗುಡಿಸುವ ಭಾರವಾದ ಲಂಗಗಳನ್ನು ಬಿಟ್ಟು, ಗಿಡ್ಡ ಲಂಗದ ಕೆಳಗೆ ಸಡಿಲವಾದ ಷರಾಯಿ ತೊಟ್ಟರು. ಓಡಾಟಕ್ಕೆ ಹಿತವಾದ ಆ ಉಡುಪನ್ನು ಕಂಡು ಪತ್ರಿಕೆಗಳೂ ಜನರೂ ಗೇಲಿ ಮಾಡಿದರು. ಒಂದೆಡೆ ಮುಚ್ಚಿಕೊಂಡುದು ತಪ್ಪು, ಇನ್ನೊಂದೆಡೆ ಮುಚ್ಚದಿರುವುದು ತಪ್ಪು, ಮತ್ತೊಂದೆಡೆ ಹಿತವಾದುದನ್ನು ತೊಟ್ಟದ್ದೇ ತಪ್ಪು. ತಪ್ಪುಗಳು ಬೇರೆ ಬೇರೆಯಾಗಿ ಕಂಡರೂ ಬೇರು ಒಂದೇ. ಉಡುವವಳನ್ನು ಕೇಳದೆ ಉಡುಗೆಯ ತೀರ್ಪನ್ನು ಬೇರೆಯವರು ಕೊಟ್ಟದ್ದೇ ಆ ಬೇರು.

ಕಾಲವು ಬಹಳ ಮುಂದೆ ಸಾಗಿದೆ. ಅಕ್ಕನು ಹುಟ್ಟಿದ ಶಿವಮೊಗ್ಗ ಜಿಲ್ಲೆಯಲ್ಲಿಯೇ, ಭದ್ರಾವತಿಗೆ ಸಮೀಪವಾದ ಶಂಕರಘಟ್ಟದಲ್ಲಿ, 1987ರಲ್ಲಿ ಸ್ಥಾಪನೆಗೊಂಡ ಕುವೆಂಪು ವಿಶ್ವವಿದ್ಯಾಲಯವಿದೆ. ಮಲೆನಾಡಿನ ಹಳ್ಳಿಗಳ ಹೆಣ್ಣುಮಕ್ಕಳು ಉನ್ನತ ವ್ಯಾಸಂಗಕ್ಕಾಗಿ ಅಲ್ಲಿಗೆ ಬರುತ್ತಾರೆ. ಸೀರೆ ಉಟ್ಟವರು, ಚೂಡಿದಾರ ತೊಟ್ಟವರು, ಷರಾಯಿ ಧರಿಸಿದವರು ಒಂದೇ ಕೊಠಡಿಯಲ್ಲಿ ಕುಳಿತು ಪಾಠ ಕೇಳುತ್ತಾರೆ. ಪೊಲೀಸ್ ಇಲಾಖೆಯ ಮಹಿಳೆಯು ಓಡಲು ಅನುಕೂಲವಾಗುವಂತೆ ಖಾಕಿ ಷರಾಯಿ ತೊಡುತ್ತಾಳೆ. ಗದ್ದೆಗೆ ಇಳಿದ ಅವಳ ತಾಯಿ ಸೀರೆಯನ್ನು ಎತ್ತಿ ಕಟ್ಟುತ್ತಾಳೆ. ಹಬ್ಬದ ದಿನ ಇಬ್ಬರೂ ರೇಷ್ಮೆ ಸೀರೆ ಉಟ್ಟು ಗುಡಿಗೆ ಹೋಗುತ್ತಾರೆ. ಉಡುಪು ಬದಲಾದುದರಿಂದ ಅವರ ಮಾನವು ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲ.

ಅಕ್ಕಮಹಾದೇವಿಯ ಬಾಳನ್ನು ಓದುವವರು ಆಕೆ ಏನನ್ನು ಬಿಟ್ಟಳೆಂಬುದನ್ನು ಮಾತ್ರ ನೋಡಿ ಬೆರಗಾಗಿ ನಿಲ್ಲಬಾರದು. ಆಕೆಯಂತೆ ಎಲ್ಲವನ್ನೂ ತೊರೆಯುವುದು ಕೋಟಿಗೊಬ್ಬರಿಗೂ ಸಾಧ್ಯವಾಗದ ಮಾತು. ಹಾಗೆ ತೊರೆಯಿರೆಂದು ಆಕೆ ಯಾರಿಗೂ ಹೇಳಲಿಲ್ಲ. ಎಲ್ಲರೂ ಕಲಿಯಬಹುದಾದುದು ಬೇರೆ ಇದೆ. ತನ್ನ ನಡೆಯನ್ನು ತಾನೇ ವಿವೇಕದಿಂದ ಆರಿಸಿಕೊಳ್ಳುವುದು, ಆರಿಸಿಕೊಂಡ ಮೇಲೆ ನಿಂದೆಗೆ ಅಂಜದಿರುವುದು, ಪರರ ಮನಸ್ಸಿಗೆ ನೋವಾಗದಂತೆ ನಡೆದುಕೊಳ್ಳುವುದು ಉಡುವವರು ಕಲಿಯಬೇಕಾದ ಪಾಠ. ಇನ್ನೊಬ್ಬರ ಉಡುಗೆಯನ್ನು ನೋಡಿ ಅವರ ಗುಣವನ್ನು ಅಳೆಯದಿರುವುದು, ನೋಟವನ್ನು ತಿಳಿಯಾಗಿ ಇಟ್ಟುಕೊಳ್ಳುವುದು ನೋಡುವವರು ಕಲಿಯಬೇಕಾದ ಪಾಠ. ಮೊದಲನೆಯದನ್ನು ಹೆಣ್ಣುಮಕ್ಕಳಿಗೆ ಹೇಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಎರಡನೆಯದನ್ನು ಗಂಡುಮಕ್ಕಳಿಗೆ ಹೇಳುವವರು ಕಡಮೆ. ಎರಡೂ ಕೂಡಿದಾಗ ಮಾತ್ರ ಪಾಠವು ಪೂರ್ಣವಾಗುತ್ತದೆ.